ಅಡ್ಡಗೆರೆಯ ಏಳು

ರಿವಾಲ್ವರಿನ ಹಿಡಿಗೆ ಎರಡು ಪಕ್ಕದಲ್ಲೂ ಕೂರಿಸುವ ಹಳೆಯ ಮರದ ಹಲಗೆಗಳನ್ನು ಸ್ಟಾಶಾ ವೊಯ್ತಾಸ್ ಇಪ್ಪತ್ತೆರಡು ವರ್ಷದಿಂದ ಕೂಡಿಡುತ್ತ ಬಂದಿದ್ದಳು. ರಿವಾಲ್ವರನ್ನು ಮಾತ್ರ ಒಂದನ್ನೂ ಕೊಂಡವಳಲ್ಲ. ಚಿಕೊಪಿ ಊರಿನ ಬಂದೂಕಿನ ಸಂತೆಯಲ್ಲಿ ಅವಳು ಕಾಣಿಸಿದರೆ ಗಂಡಸರು, "ಕುದುರೆ ಇಲ್ದೆ ಜೀನು ಕೊಳ್ಳೋಳು ಬಂದ್ಲು" ಎನ್ನುತ್ತಿದ್ದರು. ಕೈ ಜಾರದಿರಲೆಂದು ಹೊರಮೈಗೆ ಗೀರು ಹಾಕಿದ ಹಲಗೆಗಳನ್ನು ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನುಣುಪಾದವು ಬೇಕು, ಅದರಲ್ಲೂ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದ ಸಂಖ್ಯೆಯಲ್ಲಿ ಏಳರ ಸೊಂಟಕ್ಕೆ ಒಂದು ಅಡ್ಡಗೆರೆ ಇರಬೇಕು.

ಆ ಏಳು ಅವಳು ಬರೆದದ್ದು. ಹದಿನೆಂಟನೆಯ ವಯಸ್ಸಿಗೆ ನದಿಯಾಚೆಯ ರಿವಾಲ್ವರ್ ಕಾರ್ಖಾನೆ ಸೇರಿ ಮೂವತ್ತೊಂದು ವರ್ಷ ಮರ ಉಜ್ಜಿದವಳು. ಮರ ಉಜ್ಜುವ ಕೋಣೆಯಲ್ಲಿ ಹನ್ನೊಂದು ಹೆಂಗಸರಿದ್ದರು. ಒಂದೊಂದು ಜೋಡಿಯನ್ನೂ ಒಂದೊಂದು ರಿವಾಲ್ವರಿನ ಚೌಕಟ್ಟಿಗೆ ಹೊಂದಿಸಿ, ಉಜ್ಜಿ, ಅದಲುಬದಲಾಗದಿರಲೆಂದು ಬಲ ಹಲಗೆಯ ಒಳಗೆ ಆ ರಿವಾಲ್ವರಿನ ಸಂಖ್ಯೆ ಬರೆಯಬೇಕು. ಗೀರಿನ ಕೆಳಗೆ ತಪ್ಪು ಅಡಗುತ್ತದೆ. ನುಣುಪಿನಲ್ಲಿ ಅಡಗಲು ಜಾಗವಿಲ್ಲ. ಕೆಂಪು ಮರದ ಧೂಳು ಮೊಣಕೈವರೆಗೆ ಬೊಬ್ಬೆ ಎಬ್ಬಿಸುತ್ತಿತ್ತು. ಜುಲೈ ತಿಂಗಳ ಸೆಕೆಯಲ್ಲೂ ಅವರು ಚರ್ಚಿಗೆ ಉದ್ದ ತೋಳಿನ ಅಂಗಿ ಹಾಕಿಕೊಂಡೇ ಹೋಗುತ್ತಿದ್ದರು.

ಮಾರ್ಚ್ ತಿಂಗಳ ಒಂದು ಶನಿವಾರ, ಸಂತೆಯಲ್ಲಿ ಬಿಡಿಭಾಗ ಮಾರುವ ವಾಲ್ಟ್ ಗ್ಯಾನ್ಯನ ಮೇಜಿನ ಕೆಳಗಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಅವಳ ಕೈಯ ಆರು ಜೋಡಿಗಳು ಬಿದ್ದಿದ್ದವು. ಪೆಟ್ಟಿಗೆಯ ಮೇಲೆ 'ನಕಲಿ' ಎಂಬ ಚೀಟಿ.

"ಇದೇನು ವಾಲ್ಟ್?"

"ನನ್ನ ಬೈಬೇಡ ಸ್ಟಾಶಾ. ರಾಯ್ಸ್ ಹ್ಯಾಡ್ಲಾಕ್ ಬರೆದ ಪುಸ್ತಕ ಬಂದಿದೆ. ಅಡ್ಡಗೆರೆ ಏಳು ಇದ್ರೆ ನಕಲಿ ಅಂತೆ. ನಮ್ಮ ದೇಶದಲ್ಲಿ ಏಳನ್ನ ಯಾರೂ ಹಂಗೆ ಬರೆಯಲ್ವಂತೆ. ಯುರೋಪಲ್ಲಿ ಮಾಡಿಸಿ ತಂದು ಮಾರ್ತಾರಂತೆ."

"ಯುರೋಪಿಂದ ಬಂದ ನಮ್ಮಮ್ಮ ಕಲಿಸಿದ ಏಳು ಅದು. ಕಲಿಸಿದ್ದು ಈ ಊರಲ್ಲೇ, ಚರ್ಚಿನ ಹಿಂದಿನ ಬೀದೀಲಿ, ಅಡಿಗೆಮನೆ ಮೇಜಿನ ಮೇಲೆ."

"ನಂಗೊತ್ತು. ಪುಸ್ತಕಕ್ಕೆ ಗೊತ್ತಿಲ್ಲ." ವಾಲ್ಟ್ ಒಂದು ಬಲ ಹಲಗೆಯನ್ನು ಎತ್ತಿ ತಿರುಗಿಸಿ ತೋರಿಸಿದ. "ಇದನ್ನ ನೋಡು. ಮಾರಾಟ ಆಗ್ಲಿ ಅಂತ ಯಾರೋ ಒಳಗಡೆ ಸಂಖ್ಯೇನೇ ಉಜ್ಜಿಬಿಟ್ಟಿದ್ದಾರೆ."

ಸಂಖ್ಯೆ ಇದ್ದ ಕಡೆ ಮರ ಆಗತಾನೇ ಕೆತ್ತಿದಂತೆ ಹಸಿಹಸಿಯಾಗಿತ್ತು. ಸ್ಟಾಶಾ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು ಸೀದಾ ಸಭಾಂಗಣದ ಆ ತುದಿಗೆ ನಡೆದಳು.

ಸಂಗ್ರಾಹಕರ ಸಂಘದ ಪರೀಕ್ಷಕನಾದ ರಾಯ್ಸ್ ತನ್ನ ಪುಸ್ತಕದ ರಾಶಿಯ ಹಿಂದೆ ಕೂತಿದ್ದ. ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ನೀಲಿ ಮಖಮಲ್ಲಿನ ಮೇಲೆ ಒಂದು ರಿವಾಲ್ವರ್. ಅದರ ಪಕ್ಕದ ಕಾರ್ಡಿನಲ್ಲಿ ಹೀಗಿತ್ತು: 'ಮೇಸ್ತ್ರಿ ಎಲ್ಬರ್ಟ್ ಪ್ರೌಟಿಯ ಸ್ವಂತ ಕೈಕೆಲಸ. ಹಿಡಿಯ ತಿರುಪನ್ನು ಒಮ್ಮೆಯೂ ಬಿಚ್ಚಿಲ್ಲ.'

"ಪ್ರೌಟಿ ಮರ ಮುಟ್ಟಿದ್ದನ್ನ ನಾನು ನೋಡೇ ಇಲ್ಲ," ಎಂದಳು ಸ್ಟಾಶಾ. "ಧೂಳಿಗೆ ಬೊಬ್ಬೆ ಬರುತ್ತೆ ಅಂತ ನಮ್ಮ ಕೋಣೆ ಬಾಗಿಲಲ್ಲೇ ನಿಲ್ತಿದ್ದ. ಅವನ ಕೈ ಪಾದ್ರಿ ಕೈ ಇದ್ದ ಹಾಗಿತ್ತು."

ರಾಯ್ಸ್ ಸಣ್ಣಗೆ ನಕ್ಕ. "ನೆನಪು ಮೋಸ ಮಾಡುತ್ತೆ ಮೇಡಂ. ನಾವು ಕಾಗದಪತ್ರ ನೋಡ್ತೀವಿ. ಎಲ್ಲದರಲ್ಲೂ ಸಹಿ ಪ್ರೌಟಿದೇ."

"ಇರುತ್ತೆ. ಸಹಿ ಹಾಕಿದ್ರೆ ಬೊಬ್ಬೆ ಬರಲ್ಲ."

ಪುಸ್ತಕ ಕೊಳ್ಳಲು ನಿಂತಿದ್ದವರಲ್ಲಿ ಒಬ್ಬ ಕಿಸಕ್ಕೆಂದ. ಸ್ಟಾಶಾ ಗಾಜಿನ ಮೇಲೆ ಬೆರಳಿಟ್ಟಳು. ಹಿಡಿಯ ಕೆಳ ಅಂಚು, ಕಿರುಬೆರಳು ಕೂರುವಲ್ಲಿ, ಒಂದು ಕೂದಲೆಳೆಯಷ್ಟು ಹೆಚ್ಚು ದುಂಡಾಗಿತ್ತು. ಆ ಹನ್ನೊಂದು ಜನರಲ್ಲಿ ಹಾಗೆ ಉಜ್ಜುತ್ತಿದ್ದವಳು ಅವಳೊಬ್ಬಳೇ. ಅದಕ್ಕೆ ಪ್ರೌಟಿಯಿಂದ ಬೈಸಿಕೊಂಡದ್ದೂ ಉಂಟು.

"ಈ ರಿವಾಲ್ವರಿನ ಸಂಖ್ಯೆ ಓದಪ್ಪ."

ಸಂಖ್ಯೆ ಲೋಹದ ಮೇಲೆ ಎಲ್ಲರಿಗೂ ಕಾಣುವಂತೆ ಕೊರೆದಿತ್ತು. "ನಾಲ್ಕು, ಏಳು, ಏಳು, ಮೂರು, ಒಂದು," ಎಂದು ಓದಿದ ರಾಯ್ಸ್.

"ಅಂದ್ರೆ ಒಳಗೆ ಎರಡು ಏಳು ಇರಬೇಕು. ತಿರುಪು ಬಿಚ್ಚು. ಅಡ್ಡಗೆರೆ ಇಲ್ದಿದ್ರೆ ನಾನು ಸುಮ್ನೆ ಮನೆಗೆ ಹೋಗ್ತೀನಿ, ಇನ್ನು ಈ ಸಂತೆಗೆ ಕಾಲಿಡಲ್ಲ. ಇದ್ರೆ ಪುಸ್ತಕ ತಿದ್ದು."

"ಅದು ಆಗೋದಿಲ್ಲ. ಐವತ್ತು ವರ್ಷದಿಂದ ಈ ತಿರುಪು ತಿರುಗಿಲ್ಲ. ಅದರ ತಲೆ ಮೇಲೆ ಒಂದು ಗೀರು ಬಿದ್ರೂ ಇದರ ಬೆಲೆ ಹೋಯ್ತು."

"ಹಾಗಾದ್ರೆ ಒಳಗೆ ನೋಡದೇನೇ ಪ್ರೌಟಿ ಅಂತ ಬರೆದೆ. ನನ್ನದನ್ನ ಒಳಗೆ ನೋಡಿ ನಕಲಿ ಅಂತ ಬರೆದೆ."

ರಾಯ್ಸ್ ಬಟ್ಟೆಯೊಂದನ್ನು ತೆಗೆದು, ಗಾಜಿನ ಮೇಲೆ ಅವಳ ಬೆರಳು ತಗುಲಿದ್ದ ಜಾಗವನ್ನು ಒರೆಸಿದ. ಕಿಸಕ್ಕೆಂದವನು ಪುಸ್ತಕವನ್ನು ಕೊಂಡೇ ಹೋದ.

ಸ್ಟಾಶಾ ವಾಲ್ಟನ ಮೇಜಿಗೆ ಹಿಂತಿರುಗಿ, ಆರು ಜೋಡಿಯನ್ನೂ ಕೊಂಡು, ಕುರ್ಚಿ ಎಳೆದುಕೊಂಡು ಕೂತಳು. ಅವನ ಪೆನ್ಸಿಲನ್ನೇ ಇಸಿದುಕೊಂಡು ಒಂದೊಂದು ಬಲ ಹಲಗೆಯ ಒಳಗೂ ಸಂಖ್ಯೆಯ ಕೆಳಗೆ ತನ್ನ ಪೂರ್ತಿ ಹೆಸರು ಬರೆಯತೊಡಗಿದಳು: ಸ್ಟಾನಿಸ್ಲಾವಾ ವೊಯ್ತಾಸ್ ಮಾಡಿದ್ದು.

ವಾಲ್ಟ್ ಕಾಫಿ ಲೋಟ ಕೆಳಗಿಟ್ಟ. "ಕೈಯಾರೆ ಹಾಳು ಮಾಡ್ತಿದೀಯಲ್ಲೇ. ಇನ್ನು ಯಾರೂ ಇದನ್ನ ಮುಟ್ಟಲ್ಲ."

"ಮುಟ್ಟೋದು ಬೇಡ, ಓದಲಿ. ಮೇಜಿನ ಮೇಲೆ ಇಡು. ಒಳಮೈ ಮೇಲಕ್ಕಿರಲಿ."

"ಮನೆಗೆ ತಗೊಂಡು ಹೋಗಲ್ವಾ?"

"ಇಪ್ಪತ್ತೆರಡು ವರ್ಷ ಮನೇಲೇ ಇಟ್ಟೆ. ಏನಾಯ್ತು ನೋಡಿದ್ಯಲ್ಲ. ಮನೇಲಿರೋದನ್ನೂ ನಾಳೆ ತರ್ತೀನಿ."

ವಾಲ್ಟ್ 'ನಕಲಿ' ಚೀಟಿಯನ್ನು ಕಿತ್ತು, ಹಲಗೆಗಳನ್ನು ಸಾಲಾಗಿ ಜೋಡಿಸಿದ. ಉಜ್ಜಿಹೋದದ್ದನ್ನು ಸ್ಟಾಶಾ ಕೊನೆಗೆ ಜೇಬಿನಿಂದ ತೆಗೆದಳು. ಅದರ ಸಂಖ್ಯೆ ಅವಳಿಗೆ ನೆನಪಿರಲಿಲ್ಲ. ತೋಚಿದ್ದನ್ನು ಬರೆಯುವವಳೂ ಅವಳಲ್ಲ. ಹೆಸರನ್ನಷ್ಟೇ ಬರೆದಳು, ಮರದಲ್ಲಿ ಗುಳಿ ಬೀಳುವಷ್ಟು ಒತ್ತಿ.