ಹೊರಟವರನ್ನು ಕೇಳಬಾರದ ಪ್ರಶ್ನೆ

ಎರಡನೇ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ನಾನು ಮಧುಗಿರಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಉಪಾಧ್ಯಾಯಿನಿಯರಾಗಲು ಓದುತ್ತಿದ್ದ ಏಳೆಂಟು ಹೆಣ್ಣುಮಕ್ಕಳಿಗೆ ದಿನಬಳಕೆಯ ಇಂಗ್ಲಿಷ್ ಕಲಿಸುವುದು ನನ್ನ ಪಾಲಿಗೆ ಬಂದಿತ್ತು. ಕೊನೆಯಲ್ಲಿ ಓರಲ್ ಪರೀಕ್ಷೆ. ಅಂದರೆ ಬೆಂಗಳೂರಿನಿಂದ ಬಂದ ಪರೀಕ್ಷಕರ ಎದುರು ಬಾಯಿಬಿಟ್ಟು ಮಾತಾಡಬೇಕು. ಆ ಸಲದ ವಿಷಯ, ರಜೆಗೆ ಹೋಗುವುದು.

ರಜೆಗೆಂದು ಊರು ಬಿಟ್ಟು ಹೋದವರು ನಮ್ಮಲ್ಲಿ ಯಾರಿದ್ದರು? ನಾನೂ ಹೋದವನಲ್ಲ. ಆದರೂ ಮಧ್ಯಾಹ್ನ ಬೆಟ್ಟದ ನೆರಳು ಶಾಲೆಯ ಹೆಂಚಿನ ಮೇಲೆ ಇಳಿಯುವ ಹೊತ್ತಿಗೆ ನಾವೆಲ್ಲ ಎಲ್ಲೆಲ್ಲಿಗೋ ಹೊರಟುಬಿಡುತ್ತಿದ್ದೆವು. ಒಬ್ಬಳು ಊಟಿಯ ಚಳಿಗೆ ನಡುಗುತ್ತಿದ್ದಳು, ಇನ್ನೊಬ್ಬಳು ರೈಲಿನ ಕಿಟಕಿ ಪಕ್ಕದ ಸೀಟಿಗೆ ಜಗಳ ತೆಗೆಯುತ್ತಿದ್ದಳು, ಎಲ್ಲವೂ ಇಂಗ್ಲಿಷಿನಲ್ಲಿ. ಸಿರಾ ಕಡೆಯ ಒಕ್ಕಲು ಮನೆಯ ರಂಗಮ್ಮನದು ಸಮುದ್ರ. "ಆಚೆ ದಡ ಇಲ್ದಿರೋ ಕೆರೆ ಹೆಂಗಿರ್ತದೆ ಮೇಷ್ಟ್ರೇ?" ಎಂದು ಕೇಳಿ, ಕಣ್ಣು ಅರೆಮುಚ್ಚಿ, ತಪ್ಪಿಲ್ಲದ ಇಂಗ್ಲಿಷಿನಲ್ಲಿ ಅಲೆಗಳನ್ನು ವರ್ಣಿಸುತ್ತಿದ್ದಳು. ಆ ತರಗತಿ ನನಗೆ ಕೆಲಸ ಅನ್ನಿಸಲೇ ಇಲ್ಲ.

ರಂಗಮ್ಮನಿಗೆ ಮಾತ್ರ ಅದು ಬರೀ ಕನಸಲ್ಲ. ಪಾಸಾದರೆ ಕೊರಟಗೆರೆಯ ಶಾಲೆಯಲ್ಲಿ ಕೆಲಸ ಸಿಗುತ್ತಿತ್ತು. ಫೇಲಾದರೆ ಇನ್ನೊಂದು ವರ್ಷ ಓದಿಸುವುದಿಲ್ಲ ಎಂದು ಅವಳ ಅಣ್ಣ ಕಡ್ಡಿ ಮುರಿದಂತೆ ಹೇಳಿದ್ದ. ಪರೀಕ್ಷೆಯ ದಿನ ಅವಳನ್ನು ಕರೆದೊಯ್ಯಲು ಬಂದು ಬೇವಿನ ಮರದ ಕೆಳಗೆ ಕೂತೇ ಇದ್ದ.

ಪರೀಕ್ಷಕರು ಜರಿಪೇಟದ, ಬಿಗುಮುಖದ ಹಿರಿಯರು. ಕೊನೆಯವಳಾದ ರಂಗಮ್ಮನ ಸರದಿ ಬಂದಾಗ ಬೆಂಗಳೂರಿಗೆ ಹೋಗುವ ಕೊನೆಯ ಮೋಟಾರು ಬಸ್ಸಿಗೆ ಹೊತ್ತಾಗಿತ್ತು. ಛತ್ರಿ ಹಿಡಿದು ಮೆಟ್ಟಿಲಿಳಿಯುತ್ತಲೇ ಇಂಗ್ಲಿಷಿನಲ್ಲಿ ಹೇಳಿದರು: "ನಾನು ರಜೆಗೆ ಹೊರಟಿದ್ದೇನೆ ಅಂದುಕೋ. ಎಲ್ಲಿಗೆ ಅಂತ ಕೇಳು."

ವೇರ್ ಆರ್ ಯು ಗೋಯಿಂಗ್. ನಮ್ಮ ಪಾಠದ ಮೊದಲನೇ ಪ್ರಶ್ನೆಯೇ ಅದು. ರಂಗಮ್ಮ ತುಟಿ ಬಿಚ್ಚಲಿಲ್ಲ. ಮೋಟಾರು ಹಾರನ್ ಹೊಡೆಯಿತು. ಪರೀಕ್ಷಕರು ಪೆನ್ನು ತೆಗೆದರು. "ಕೇಳಮ್ಮ" ಎಂದು ಗೋಗರೆದೆ.

"ಹೊರಟೋರ್ನ ಎಲ್ಲಿಗೆ ಅಂತ ಅಡ್ಡ ಕೇಳ್ಬಾರ್ದು ಮೇಷ್ಟ್ರೇ. ನಮ್ಮಪ್ಪ ಪಾವಗಡದ ಸಂತೆಗೆ ಹೊರಟಾಗ ಕೇಳ್ಬುಟ್ಟೆ. ತಿರುಗಿ ಬರ್ಲೇ ಇಲ್ಲ."

ಅದು ಅಪಶಕುನ ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ತರಗತಿಯಲ್ಲಿ ಪಕ್ಕ ಕೂತ ಗೆಳತಿಯನ್ನು ಕೇಳಿದಂತೆ ನಿಜವಾಗಿ ಹೊರಟು ನಿಂತವರನ್ನು ಹೇಗೆ ಕೇಳಿಯಾಳು? ಸರ್ಕಾರದ ಪರೀಕ್ಷಕರಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ ಎಂದು ನಾನು ತಡವರಿಸಿದೆ. ಹೇಳುವುದೇ ಬೇಕಾಗಲಿಲ್ಲ, ಅವರು ಕೇಳಿಸಿಕೊಂಡಿದ್ದರು.

ಮೆಟ್ಟಿಲು ಹತ್ತಿ ಒಳಗೆ ಬಂದರು. ಬೂಟು ಬಿಚ್ಚಿದರು. ಪೇಟ ತೆಗೆದು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕಾಲು ನೀಡಿ ಕೂತರು. "ನೋಡಮ್ಮ, ನಾನೀಗ ಎಲ್ಲಿಗೂ ಹೊರಟಿಲ್ಲ. ಒಂದು ಲೋಟ ನೀರು ಕೊಡು. ಆಮೇಲೆ ಕೇಳುವಿಯಂತೆ" ಎಂದರು, ಅಚ್ಚ ಕನ್ನಡದಲ್ಲಿ.

ಮೋಟಾರು ಹೊರಟುಹೋದ ಸದ್ದು ಕೇಳಿಸಿತು. ಅವರು ತಿರುಗಿಯೂ ನೋಡಲಿಲ್ಲ.

ರಂಗಮ್ಮ ನೀರು ಕೊಟ್ಟಳು, ಪ್ರಶ್ನೆ ಕೇಳಿದಳು. ಮೂವತ್ತು ವರ್ಷದಿಂದ ಬರೀ ಊರೂರು ಸುತ್ತುವ ಸರ್ಕೀಟು, ರಜೆಯನ್ನೇ ಕಂಡಿಲ್ಲ ಎಂದರು ಅವರು. ಯಾಕೆ ಎಂದಳು. ಹಿತ್ತಲಲ್ಲಿ ಕೂತ ತಂದೆ ಮಗಳಂತೆ ಇಬ್ಬರೂ ಇಂಗ್ಲಿಷಿನಲ್ಲಿ ಹರಟುತ್ತ ಹೋದರು. ಬಿಸಿಲು ಕರಗಿದ್ದು ನನಗೂ ತಿಳಿಯಲಿಲ್ಲ. ಹೊರಡುವ ಅವಸರದಲ್ಲಿ ಮಕ್ಕಳನ್ನು ಪ್ರಶ್ನೆ ಕೇಳಬಾರದು, ಕೂತು ಕೇಳಬೇಕು ಎಂಬುದನ್ನು ನಾನು ಕಲಿತದ್ದು ಆ ಸಂಜೆ. ರಂಗಮ್ಮ ಪಾಸಾದಳು.

ಮಾರನೇ ಬೆಳಗ್ಗೆ ಅವರನ್ನು ಮೋಟಾರು ಹತ್ತಿಸಲು ಅಣ್ಣನ ಜೊತೆ ಅವಳೂ ಬಂದಿದ್ದಳು. ಕೈಮುಗಿದು ನಿಂತಳು, ಏನೂ ಕೇಳಲಿಲ್ಲ. ಮೋಟಾರು ಅಲುಗುವಾಗ ಅವರೇ ಕಿಟಕಿಯಿಂದ ಬಗ್ಗಿದರು.

"ಬೆಂಗಳೂರಿಗೆ ಕಣಮ್ಮ. ಮುಂದಿನ ವರ್ಷ ತಿರುಗಿ ಬರ್ತೀನಿ."