ತಾತ ನಡು ಬಿಟ್ಟು ಓದಿದ ಪುಸ್ತಕ

ನಮ್ಮ ತಾತ ಯಾವ ಪುಸ್ತಕವನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಲೀಸಾಗಿ ಓದಿಕೊಂಡು ಹೋದವರಲ್ಲ. ಮೊದಲ ಅಧ್ಯಾಯ ಓದುವರು, ಅಲ್ಲಿಂದ ನೇರವಾಗಿ ಕೊನೆಯ ಅಧ್ಯಾಯಕ್ಕೆ ಹಾರುವರು, ಎರಡನ್ನೂ ಹೊಂದಿಸಿ ನೋಡಿ ಗ್ರಂಥದ ತಾತ್ಪರ್ಯ ಇಂಥದ್ದು ಎಂದು ತೀರ್ಮಾನಿಸುವರು. ನಡುವಿನದು ಆಮೇಲೆ, ಮನಸ್ಸು ಬಂದರೆ. ಇದು ಸೋಮಾರಿತನವಲ್ಲ, ಅವರು ಕಲಿತ ಶಾಸ್ತ್ರದ ಪದ್ಧತಿ. ಬರೆದವನು ಎಲ್ಲಿಂದ ಹೊರಟ, ಎಲ್ಲಿ ಮುಟ್ಟಿದ ಎನ್ನುವುದು ಗೊತ್ತಾದರೆ ಅವನ ಮನಸ್ಸು ಗೊತ್ತಾದ ಹಾಗೆ ಎಂದು ಲೆಕ್ಕ. ವೇದಾಂತದ ಗ್ರಂಥಗಳಿಗೆ ಅದು ಸರಿಯಿರಬಹುದು. ನನ್ನ ಫಿಸಿಕ್ಸ್ ಪುಸ್ತಕಕ್ಕೂ ಅದನ್ನೇ ಮಾಡಿದರು, ಅಲ್ಲಿ ಶುರುವಾಯಿತು ಫಜೀತಿ.

ನಾವು ಬಳ್ಳಾರಿ ಕಡೆಯ ದ್ವೈತಿಗಳು. ಬಳ್ಳಾರಿ ಇನ್ನೂ ಮದ್ರಾಸಿನ ಆಡಳಿತದಲ್ಲಿದ್ದ ಕಾಲಕ್ಕೆ ಸರ್ಕಾರಿ ಕೆಲಸ ಹಿಡಿದು ಮದ್ರಾಸಿಗೆ ಬಂದ ತಾತ, ಜಿಲ್ಲೆ ಮೈಸೂರಿಗೆ ಸೇರಿದ ಮೇಲೂ ಮೈಲಾಪೂರ್ ಬಿಟ್ಟು ಕದಲಲಿಲ್ಲ. ನಿವೃತ್ತರಾದ ಮೇಲೆ ಸಂಜೆ ನಾಲ್ಕಕ್ಕೆ ಮನೆಯ ಮುಂದಿನ ಜಗಲಿಯಲ್ಲಿ ಪಾಠ ಹೇಳುತ್ತಿದ್ದರು. ಕೇಳುವವರೂ ಅವರಂತೆಯೇ ಪೆನ್ಷನ್ನಿನವರು. ಮಾಯಾವಾದ, ಅಂದರೆ ಈ ಕಾಣುವ ಜಗತ್ತು ನಿಜವಲ್ಲ ಎನ್ನುವ ವಾದ, ಅದನ್ನು ಖಂಡಿಸುವುದೇ ಆ ಪಾಠದ ದೊಡ್ಡ ಭಾಗ. ಜಗತ್ತು ಸತ್ಯ, ಕಲ್ಲು ಕಲ್ಲೇ, ನೀರು ನೀರೇ, ನಾನು ನಾನೇ, ದೇವರು ದೇವರೇ. ಹಾಲು ಕುಡಿಯುವ ವಯಸ್ಸಿನಿಂದ ನಾವು ಕೇಳಿಕೊಂಡು ಬೆಳೆದದ್ದು ಇದನ್ನೇ. ಕಾಫಿ ಲೋಟಗಳನ್ನು ಕೊಟ್ಟು ಹೊಸ್ತಿಲಾಚೆ ನಿಲ್ಲುವುದು ನನ್ನ ಪಾಲಿನ ಕೆಲಸ. ಅಲ್ಲಿ ನಿಂತೇ ನಾನು ಅರ್ಧ ಶಾಸ್ತ್ರ ಕದ್ದು ಕೇಳಿದ್ದೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಕಾಲೇಜಿನ ಮೊದಲ ಘಟ್ಟ ದಾಟಿ ಬಿ.ಎಸ್ಸಿ. ಆನರ್ಸಿಗೆ ಅರ್ಜಿ ಹಾಕಬೇಕಾಗಿತ್ತು. ಫಿಸಿಕ್ಸ್ ಎಂದು ನಿರ್ಧರಿಸಿ ವರ್ಷವಾಗಿತ್ತು. ಕಾರಣ ಒಂದು ಪುಸ್ತಕ. ನಮಗೆ ಫಿಸಿಕ್ಸ್ ಹೇಳಿಕೊಡುತ್ತಿದ್ದ ಮೇಡಂ ಬೇಸಿಗೆ ರಜೆಗೆ ಓದಿಕೋ ಎಂದು ಕೊಟ್ಟದ್ದು. ಹೊಸ ಭೌತವಿಜ್ಞಾನ ಏನು ಹೇಳುತ್ತದೆ, ಅದನ್ನು ನಂಬಿದರೆ ನಿಜ ಅನ್ನುವುದಕ್ಕೆ ಏನರ್ಥ, ಇದು ವಿಷಯ. ಸೆಕೆಗೆ ಬೆನ್ನಿನ ಮೇಲೆ ಬೆವರು ಹರಿಯುತ್ತಿದ್ದರೂ ಕದಲದೆ ಓದಿದೆ. ಬೆಳಕು ಅಲೆಯೂ ಹೌದು, ಕಣವೂ ಹೌದು ಎಂದು ಓದಿದಾಗ ಸಿಟ್ಟೇ ಬಂದಿತ್ತು. ಅದು ಹೇಗೆ ಎರಡೂ ಆಗುತ್ತದೆ, ಸುಮ್ಮನೆ ಏನೋ ಬರೆಯುವುದೇ ಎಂದು. ಆ ಸಿಟ್ಟಿನಲ್ಲೇ ಮತ್ತೆ ಮತ್ತೆ ಓದಿ, ಇದರ ಬುಡ ಕಾಣದೆ ಬಿಡುವವಳಲ್ಲ ಎಂದುಕೊಂಡೆ. ನನಗೆ ಪ್ರೀತಿ ಬರುವುದೇ ಹಾಗೆ, ಜಗಳದಿಂದ.

ಅಪ್ಪ ಹೂಂ ಅಂದಿದ್ದರು. ಆದರೆ ಅಪ್ಪನ ಹೂಂ ತಾತನ ಹೂಂ ಆಗುವವರೆಗೆ ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ. ಮೊಮ್ಮಗಳು ಏನು ಓದಲು ಹೊರಟಿದ್ದಾಳೆ ನೋಡೋಣ ಎಂದು ತಾತ ಒಂದು ಮಧ್ಯಾಹ್ನ ನನ್ನ ಪುಸ್ತಕ ಕೈಗೆತ್ತಿಕೊಂಡರು. ಮೊದಲ ಅಧ್ಯಾಯ ಮುಗಿಸಿದರು, ಕೊನೆಯದಕ್ಕೆ ಹಾರಿದರು. ಆ ಕೊನೆಯ ಅಧ್ಯಾಯದಲ್ಲಿ ಬರೆದವನು ಸ್ವಲ್ಪ ಲಹರಿ ಹತ್ತಿಸಿಕೊಂಡಿದ್ದ. ನಾವು ಮುಟ್ಟುವ ಮೇಜು ನಿಜಕ್ಕೂ ಮೇಜಲ್ಲ, ಕಾಣುವ ಜಗತ್ತೆಲ್ಲ ಕೊನೆಗೆ ಮನಸ್ಸಿನದೇ ಕಲ್ಪನೆಯಿರಬಹುದೇನೋ ಎಂಬ ಧಾಟಿ. ತಾತ ಕನ್ನಡಕ ತೆಗೆದು ಪಂಚೆಯಂಚಿನಿಂದ ಒರೆಸಿಕೊಂಡರು.

"ಏನವಾ ಇದು? ಮಾಯಾವಾದ! ಜೀವಮಾನಪೂರ್ತಿ ಹೊರಗ ಹಾಕ್ಲಿಕ್ಕೆ ಹೆಣಗಿದ್ದನ್ನ ನೀನು ಇಂಗ್ಲಿಷ್ ಅಂಗಿ ತೊಡಿಸಿ ಒಳಗ ಕರಕೊಂಡು ಬಂದೀ?"

"ತಾತ, ಅದು ವಿಜ್ಞಾನ. ವೇದಾಂತ ಅಲ್ಲ."

"ಜಗತ್ತು ಮನಸ್ಸಿನ ಕಲ್ಪನೆ ಅಂತ ಬರದಾನ. ಮತ್ತೇನು ಬೇಕು? ಗಣಿತ ತಗೋ. ಗಣಿತ ಯಾರ ತಂಟೆಗೂ ಹೋಗೂದಿಲ್ಲ. ಇದು ಬ್ಯಾಡ."

ಅಷ್ಟೇ. ಅಪ್ಪನ ಮುಖ ನೋಡಿದೆ. ಅವರು ಪೇಪರಿನಲ್ಲಿ ಮುಖ ಹುದುಗಿಸಿಕೊಂಡು, "ತಾತ ಹೇಳಿದ ಮೇಲೆ ಇನ್ನೇನಮ್ಮಾ," ಎಂದರು. ಅರ್ಜಿಗೆ ಉಳಿದದ್ದು ಒಂದು ವಾರ. ಅದು ತಪ್ಪಿದರೆ ಫಿಸಿಕ್ಸ್ ನನ್ನ ಪಾಲಿಗೆ ಮುಗಿಯಿತು. ಮುಂದಿನ ವರ್ಷ ನೋಡೋಣ ಎನ್ನುವಂತಿರಲಿಲ್ಲ, ಆಗ ಹುಡುಗಿಯರಿಗೆ ಮುಂದಿನ ವರ್ಷ ಅಂದರೆ ಮದುವೆ.

ಅಮ್ಮ ಹುಟ್ಟಿ ಬೆಳೆದದ್ದೆಲ್ಲ ಮದ್ರಾಸೇ. ಅವಳ ಕನ್ನಡದಲ್ಲಿ ಅರ್ಧ ತಮಿಳು. ಅಡಿಗೆಮನೆಯಲ್ಲಿ ಹುಣಿಸೆಹಣ್ಣು ಕಿವುಚುತ್ತಾ ಮೆಲ್ಲಗೆ ಹೇಳಿದಳು: "ಪೇಸಾಮ, ಸುಮ್ನೆ ಮ್ಯಾಥ್ಸ್ ತಗೊಂಡ್ಬಿಡು ಡೀ. ಎದಕ್ಕೆ ವಂಬು, ಜಗಳ? ಓದಕ್ಕಂತೂ ಕಳಸ್ತಾರಲ್ಲ, ಅದೇ ಪೋದುಂ, ಸಾಕು."

"ನನಗೆ ಪೋದಾದು, ಸಾಲದು," ಎಂದೆ. ಅಷ್ಟು ಜೋರಾಗಿ ಅಂದೆನೆಂದು ಆಮೇಲೆ ಗೊತ್ತಾಯಿತು, ಪಕ್ಕದ ಪೋರ್ಷನ್ನಿನ ಮಾಮಿ ಕಿಟಕಿಯಿಂದ ಇಣುಕಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಆಮೇಲೆ ಇಡೀ ಬದುಕು ನಾನು ಇಂಥ ಪುಸ್ತಕಗಳನ್ನು ಓದಿದ್ದೇನೆ, ಓದಿಸಿದ್ದೇನೆ. ಬಹುಪಾಲು ಪುಸ್ತಕಗಳ ಹಣೆಬರಹ ಒಂದೇ. ನಡುವಿನ ಅಧ್ಯಾಯಗಳಲ್ಲಿ ಬರೆದವನು ಬೆವರು ಸುರಿಸಿ ದುಡಿದಿರುತ್ತಾನೆ, ಒಂದೊಂದು ವಾಕ್ಯಕ್ಕೂ ಪ್ರಯೋಗದ ಆಧಾರ ಇರುತ್ತದೆ. ಕೊನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಊಟವಾಗಿ ಎಲೆಯಡಿಕೆ ಹಾಕಿಕೊಂಡವರ ಹಾಗೆ ಕಾಲು ಚಾಚಿ, ದೇವರು, ಮನಸ್ಸು, ಜಗತ್ತು ಎಂದು ಬಾಯಿಗೆ ಬಂದದ್ದು ಮಾತಾಡುತ್ತಾನೆ. ತಾತ ಓದಿದ್ದು ಆ ಎಲೆಯಡಿಕೆಯ ಮಾತನ್ನು. ಆದರೆ ಇದನ್ನು ಅವರಿಗೆ ಹೇಳುವುದು ಹೇಗೆ? ನೀವು ಓದಿದ ಕ್ರಮ ತಪ್ಪು ಎಂದರೆ ಶಾಸ್ತ್ರವೇ ತಪ್ಪು ಎಂದ ಹಾಗೆ.

ಮರುದಿನ ಸಂಜೆ ನನ್ನ ಅದೃಷ್ಟಕ್ಕೋ ಏನೋ ಜಗಲಿಯಲ್ಲಿ ಅದೇ ಪಾಠ ನಡೆದಿತ್ತು. ಗ್ರಂಥದ ತಾತ್ಪರ್ಯ ತಿಳಿಯುವ ಗುರುತುಗಳು ಯಾವುವು ಎಂದು. ಆರಂಭ ಮತ್ತು ಮುಕ್ತಾಯ ಮೊದಲನೆಯ ಗುರುತು. ಆಮೇಲೆ ಇನ್ನೂ ಕೆಲವು. ಕಟ್ಟಕಡೆಯದು ಯುಕ್ತಿ, ಅಂದರೆ ಬರೆದವನು ತನ್ನ ಮಾತಿಗೆ ಕೊಡುವ ಕಾರಣ. ತಾತ ಬೆರಳೆತ್ತಿ ಹೇಳಿದರು: "ಇವುಗಳೊಳಗ ಹಿಂದಿಂದಕ್ಕಿಂತ ಮುಂದಿಂದು ಬಲ. ಎಲ್ಲಕ್ಕೂ ಬಲ ಯುಕ್ತಿ. ನಮ್ಮ ಸಿದ್ಧಾಂತ ಇದು."

ಕೈಯಲ್ಲಿದ್ದ ಲೋಟಗಳ ತಟ್ಟೆ ಹಾಗೇ ನೆಲಕ್ಕಿಟ್ಟೆ. ಪಾಠದ ನಡುವೆ ಹೆಣ್ಣುಮಕ್ಕಳು ಬಾಯಿ ಹಾಕಿದ ಉದಾಹರಣೆ ನಮ್ಮ ಮನೆಯಲ್ಲಿರಲಿಲ್ಲ. ಆದರೂ ನಾಲಿಗೆ ನಿಲ್ಲಲಿಲ್ಲ.

"ಹಾಗಾದರೆ ತಾತ, ನನ್ನ ಪುಸ್ತಕಕ್ಕೆ ಯಾಕೆ ಆ ನಿಯಮ ಇಲ್ಲ? ಆರಂಭ ನೋಡಿದಿರಿ, ಕೊನೆ ನೋಡಿದಿರಿ. ಯುಕ್ತಿಯೆಲ್ಲ ನಡುವೆ ಇದೆ. ಅದನ್ನ ನೀವು ಓದೇ ಇಲ್ಲ!"

ದೂರದ ಗಿಂಡಿ ಬಡಾವಣೆಯಿಂದ ಬಸ್ಸು ಹಿಡಿದು ಬರುತ್ತಿದ್ದ ನಿವೃತ್ತ ಇಂಜಿನಿಯರ್ ಒಬ್ಬರಿದ್ದರು. ಅವರು ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡು, "ಕೊಳಂದೆ ಕೇಳಿದ್ದು ನ್ಯಾಯವಾಗಿದೆ, ಸ್ವಾಮಿ," ಎಂದರು. ಕೊಳಂದೆ ಅಂದರೆ ತಮಿಳಿನಲ್ಲಿ ಮಗು. ತಾತ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡು ಹಲ್ಲು ಕಚ್ಚಿ ನಿಂತೆ.

"ಹಂಗಾದ್ರ ನೀನೇ ಪೂರ್ವಪಕ್ಷ ಮಾಡು," ಎಂದರು ತಾತ. "ನಾಳಿಂದ. ಇಲ್ಲೇ ಕೂತು."

ಪೂರ್ವಪಕ್ಷ ಅಂದರೆ ಎದುರಾಳಿಯ ವಾದ. ಅದನ್ನು ಖಂಡಿಸುವ ಮೊದಲು ಅವನೇ ಬಂದು ಕೇಳಿದರೂ ತಲೆದೂಗುವಷ್ಟು ಚೆನ್ನಾಗಿ ಹೇಳಬೇಕು, ಒಂದು ಎಳೆ ಬಿಡಬಾರದು. ಅದು ಆ ಜಗಲಿಯ ಕಟ್ಟುನಿಟ್ಟು. ತಾತ ನನಗೆ ಕೊಟ್ಟದ್ದು ಅವಕಾಶವೋ ಉರುಳೋ ತಿಳಿಯಲಿಲ್ಲ. ಏನಾದರಾಗಲಿ, ಬಿಡುವುದಿಲ್ಲ ಎಂದುಕೊಂಡೆ.

ಕನ್ನಡದಲ್ಲಿ ಫಿಸಿಕ್ಸ್ ಹೇಳುವುದು ಅದೇ ಮೊದಲು. ತಲೆ ಚಿಟ್ಟು ಹಿಡಿಯಿತು. ಬೆಳಕಿನ ಅಲೆ ಎಂದರೆ ತಾತ, "ಅಲೆ ಅಂತ ಹೆಂಗ ಹೇಳ್ತಿ? ನೀನು ಕಂಡೀಯೇನು?" ಎಂದರು. ಎರಡು ಬೆರಳು ಕಣ್ಣಿನ ಹತ್ತಿರ ಒತ್ತಾಗಿ ಹಿಡಿದು, ನಡುವಿನ ಸಣ್ಣ ಸಂದಿನಿಂದ ಸಂಜೆಯ ಬೆಳಕಿನ ಆಕಾಶ ನೋಡಲು ಹೇಳಿದೆ. ಸಂದಿನೊಳಗೆ ಕೂದಲೆಳೆಯಂಥ ಕಪ್ಪು ಗೆರೆಗಳು ಕಾಣುತ್ತವೆ. ಬೆಳಕು ಬರೀ ನೆಟ್ಟಗೆ ಹೋಗುವ ಕಣವಾಗಿದ್ದರೆ ಅವು ಕಾಣಬಾರದು. ತಾತ ಬೆರಳು ಹಿಡಿದು ನೋಡಿದರು, ಮತ್ತೆ ನೋಡಿದರು. "ಗೆರಿ ಅವ! ಖರೇನ ಅವ!" ಎಂದರು. ಪೆನ್ಷನ್ನಿನವರೆಲ್ಲ ಸಾಲಾಗಿ ಕೂತು ಮುಖಕ್ಕೆ ಬೆರಳು ಹಿಡಿದು ಆಕಾಶ ನೋಡುತ್ತಿದ್ದದ್ದನ್ನು ಕಂಡು ದಾರಿಹೋಕರು ಏನಂದುಕೊಂಡರೋ ದೇವರಿಗೇ ಗೊತ್ತು.

ಆಮೇಲೆ ಒಂದು ತಗಡಿನಲ್ಲಿ ಕೊರೆದ ಎರಡು ಸಂದುಗಳ ಮಾತು ಬಂತು. ಬೆಳಕನ್ನು ಎಷ್ಟು ಮಂದ ಮಾಡಿದರೂ, ಒಂದೊಂದೇ ಕಣವಾಗಿ ಬಿಟ್ಟರೂ, ಎರಡು ಸಂದು ತೆರೆದಿದ್ದರೆ ಆಚೆಗಿನ ಫಲಕದಲ್ಲಿ ಪಟ್ಟೆ ಪಟ್ಟೆಯಾಗಿಯೇ ಬಂದು ಬೀಳುತ್ತದೆ. ಒಂದನ್ನು ಮುಚ್ಚಿದರೆ ಎರಡು ಸಂದಿನ ಆ ಸಣ್ಣ ಪಟ್ಟೆಗಳಿಲ್ಲ. ತಾತ ನೆಟ್ಟಗೆ ಕೂತರು.

"ಒಂದಽ ಕಣ ಅಂದೀ. ಅದು ಒಂದು ಸಂದಿನ್ಯಾಗ ಹೋಗಿರಬೇಕಲ್ಲ? ಇನ್ನೊಂದು ತೆರದದ, ಮುಚ್ಚೇದ ಅಂತ ಅದಕ್ಕ ಹೇಳಿದವರು ಯಾರು?"

"ಅದೇ ತಾತ! ಅದೇ ಪ್ರಶ್ನೆ! ಪುಸ್ತಕ ಇರೋದೇ ಅದಕ್ಕೆ!" ಖುಷಿಗೆ ನಾನು ಕಿರುಚಿಯೇಬಿಟ್ಟೆ. ಇಡೀ ಕಾಲೇಜಿನಲ್ಲಿ ನನ್ನ ಜೊತೆಯ ಒಬ್ಬಳೂ ಆ ಪ್ರಶ್ನೆ ಕೇಳಿರಲಿಲ್ಲ. ಆ ದಿನ ತಾತನ ಮೇಲಿನ ಸಿಟ್ಟೆಲ್ಲ ಇಳಿದುಹೋಗಿ, ಇವರು ನನ್ನ ವಯಸ್ಸಿನವರಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು.

ಆದರೆ ಪೂರ್ವಪಕ್ಷ ಅಲ್ಲಿಗೆ ಮುಗಿಯುವುದಿಲ್ಲವಲ್ಲ. ಯಾಕೆ ಹೀಗೆ, ಯಾವ ಲೆಕ್ಕದಿಂದ, ಎಂದು ತಾತ ಒತ್ತಿದರು. ಪುಸ್ತಕದ ನಡುವಿನಲ್ಲಿ ಎರಡು ಸಮೀಕರಣಗಳಿದ್ದವು. ಅವುಗಳ ಮುಂದೆ ನಾನು ಗೋಡೆ ಮುಟ್ಟಿ ನಿಂತೆ. ಇಂಜಿನಿಯರ್ ಕಡೆ ನೋಡಿದೆ. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಮ್ಮಾ," ಎಂದು ಅವರು ಕೈ ಚೆಲ್ಲಿದರು. ಸುಳ್ಳು ಹೇಳಿ ದಾಟಿಸಬಹುದಿತ್ತು. ತಾತನಿಗೆ ಗೊತ್ತಾಗುತ್ತಿರಲಿಲ್ಲ.

"ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ ತಾತ," ಎಂದೆ. "ಇದನ್ನ ಆನರ್ಸಿನಲ್ಲಿ ಹೇಳಿಕೊಡ್ತಾರೆ."

ತಾತ ಪುಸ್ತಕ ಎತ್ತಿಕೊಂಡು ಒಳಗೆ ಹೋದರು. ಅರ್ಜಿಗೆ ನಾಳೆಯೇ ಕೊನೆಯ ದಿನ. ಸೋತೆ ಎಂದುಕೊಂಡು ಹಿತ್ತಲಿನ ಬಾವಿಕಟ್ಟೆಯ ಮೇಲೆ ಕೂತು ಅತ್ತೆ, ದುಃಖಕ್ಕಿಂತ ರೋಷಕ್ಕೆ.

ಮರುದಿನ ಬೆಳಿಗ್ಗೆ ತಾತ ಕರೆದರು. ಪುಸ್ತಕದ ನಡುವಿನ ಪುಟಗಳಲ್ಲಿ ತುಳಸಿ ಕಡ್ಡಿ ಗುರುತಿಗೆ ಇಟ್ಟಿದ್ದರು. ಅಪ್ಪನೂ ಅಲ್ಲೇ ಇದ್ದರು. ಅಮ್ಮ ಬಾಗಿಲ ಹಿಂದೆ.

"ಪೂರ್ವಪಕ್ಷ ತಿಳೀದೆ ಖಂಡನೆ ಮಾಡಬಾರದು," ಎಂದರು. "ನನಗ ಇದು ತಿಳೀಲಿಲ್ಲ. ನಿನಗೂ ಪೂರ್ತಿ ತಿಳಿದಿಲ್ಲ. ನನಗಂತೂ ಇನ್ನ ಆಗೂದಿಲ್ಲ. ನೀನು ಹೋಗಿ ಕಲಿ. ಕಲತು ಬಂದು ಇದನ್ನ ಖಂಡಿಸು. ಅದಕ್ಕಂತ ಕಳಸ್ತೀನಿ."

ಅಪ್ಪನ ಮುಖ ಅರಳಿತು. ಬಾಗಿಲ ಹಿಂದಿನಿಂದ ಅಮ್ಮ, ಹೂಂ ಅನ್ನು, ಹೂಂ ಅನ್ನು ಎಂದು ಕೈಸನ್ನೆ ಮಾಡಿದಳು. ನನಗೂ ಗೊತ್ತಿತ್ತು, ಒಂದು ಹೂಂ ಸಾಕು, ಸೀಟು ನನ್ನದು. ಆದರೆ ನಾನು ಹೂಂ ಅನ್ನಲಿಲ್ಲ. ನಾನು ಖಂಡಿಸಲು ಹೊರಟವಳಲ್ಲ. ಆ ಕಣ ಯಾವ ಸಂದಿನಲ್ಲಿ ಹೋಯಿತು ಎಂದು ತಿಳಿಯಲು ಹೊರಟವಳು. ಇಂಥ ತಾತನಿಗೆ ಸುಳ್ಳು ಮಾತು ಕೊಟ್ಟು ಹೋಗುವುದಕ್ಕಿಂತ ಗಣಿತವೇ ವಾಸಿ ಅನ್ನಿಸಿತು.

"ತಾತ, ಕಲಿತ ಮೇಲೆ ಖಂಡಿಸೋಕೆ ಆಗದೇ ಹೋದರೆ? ಅದೇ ನಿಜ ಅಂತ ಗೊತ್ತಾದರೆ?"

ಅಮ್ಮ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಅಪ್ಪ, "ಸುಮ್ಮನಿರೇ!" ಎಂದು ಗದರಿದರು. ತಾತ ಪುಸ್ತಕ ಮಡಿಲಲ್ಲಿಟ್ಟುಕೊಂಡು ಬೀದಿ ಕಡೆ ನೋಡುತ್ತಾ ಕೂತುಬಿಟ್ಟರು. ಎಪ್ಪತ್ತು ದಾಟಿದ ಮನುಷ್ಯನ ಬದುಕಿನ ಬುಡಕ್ಕೇ ನಾನು ಕೈ ಹಾಕಿದ್ದೆ ಎಂದು ಆ ಹೊತ್ತಿನಲ್ಲಿ ನನಗೆ ಹೊಳೆಯಿತು, ಹೆದರಿಕೆಯೂ ಆಯಿತು. ಆದರೂ ಕೇಳಿದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ.

"ಜಗತ್ತು ಸತ್ಯ ಅಂತ ಹೇಳ್ದೋರು ನಾವು," ಎಂದರು ಕೊನೆಗೆ, ತಮಗೇ ಹೇಳಿಕೊಳ್ಳುವ ಹಾಗೆ. "ಅದು ಹೆಂಗದ ಅಂತ ನೋಡ್ಲಿಕ್ಕೆ ಹೋಗೋರನ್ನ ನಾವೇ ತಡದ್ರ ಹೆಂಗ? ಏನು ಕಂಡೀಯೋ ಅದನ್ನ ಬಂದು ಹೇಳು. ನನಗ ಬ್ಯಾಸರ ಆಗ್ತದಂತ ಒಂದು ಅಕ್ಷರ ಬದಲಾಯಿಸಬ್ಯಾಡ."

ಆಮೇಲೆ ಅಪ್ಪನ ಕಡೆ ತಿರುಗಿ, "ಕಚೇರಿಗೆ ಇವತ್ತು ರಜಾ ಹಾಕು. ಕೂಸಿನ ಜೊತಿ ಕಾಲೇಜಿಗೆ ಹೋಗಬೇಕು," ಎಂದರು.