ಎಳೆ ಹರಿದಾಗ ನಿಲ್ಲುವ ಕಾಲು

ಶಿವಲೀಲಾ ಅಂದಾನಪ್ಪ ಗೋಟೂರ, ವಯಸ್ಸು ಇಪ್ಪತ್ತೊಂದು. ಇಳಕಲ್ಲಿನ ಕುಣಿಮಗ್ಗದ ನೇಕಾರ ಅಂದಾನಪ್ಪ ಮತ್ತು ರತ್ನಾಬಾಯಿಯರ ಹಿರಿಯ ಮಗಳು. ವಿದ್ಯಾಗಿರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗಲೂ ರಜೆ ಬಂದರೆ ಮಗ್ಗಕ್ಕೆ ಇಳಿದು, ಕುಣಿಯೊಳಗಿನ ಎರಡು ತುಳಿಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ನೇಯುತ್ತಿದ್ದಳು.

ತರಬೇತಿ ಪೈಲಟ್‌ಗಳನ್ನು ಆರಿಸಲು ವಿಮಾನ ಕಂಪನಿಯೊಂದು ಅವಳನ್ನು ಹೈದರಾಬಾದಿಗೆ ಕರೆಸಿತ್ತು. ಲೆಕ್ಕ, ಇಂಗ್ಲಿಷು, ಕಣ್ಣಿನ ತಪಾಸಣೆ ಎಲ್ಲ ದಾಟಿದಳು. ಸಂದರ್ಶನಕ್ಕೆ ಮುಂಚೆ ಉಳಿದದ್ದು ಒಂದೇ: ಕಾಲಿನಿಂದ ಎರಡು ಪೆಡಲು ಒತ್ತಿ, ಪರದೆಯ ಚುಕ್ಕೆಯನ್ನು ನಡುವೆ ನಿಲ್ಲಿಸಬೇಕು. ಪೆಡಲು ತಾಗಿದ್ದೇ ತಡ, ಕಾಲಿಗೆ ಮಗ್ಗದ ಲಯ ಏರಿತು. ಎಡ, ಬಲ, ಎಡ, ಬಲ. ಚುಕ್ಕೆ ಲಾಳಿಯಂತೆ ಅತ್ತಿಂದಿತ್ತ ಓಡಾಡಿತು. ಇನ್ನೊಂದೇ ಅವಕಾಶವಿತ್ತು, ಅದೂ ತಪ್ಪಿದರೆ ಮನೆಯ ದಾರಿ.

ಬಿಡುವಿನಲ್ಲಿ ಅಪ್ಪನಿಗೆ ಫೋನು ಮಾಡಿದಳು.

“ಅಪ್ಪಾ, ಕಾಲು ನನ್ನ ಮಾತ ಕೇಳವಲ್ವು. ತಾವ ತುಳ್ಯಾಕತ್ತಾವ.”

“ಮಗ್ಗದಾಗ ಎಳಿ ಹರದ್ರ ಏನ್ ಮಾಡ್ತೀಯವ್ವಾ?”

“ಕಾಲು ನಿಲ್ಲಸ್ತೇನಿ. ಕೈಲೆ ತುದಿ ಹುಡಕ್ತೇನಿ.”

“ಹಂಗಾರ ಎಳಿ ಹರದೈತಿ ಅಂತ ತಿಳಕೊ. ಮತ್ತ ಆ ಬೂಟು ಕಳಿ. ಬೂಟ ಹಾಕ್ಕೊಂಡು ಮಗ್ಗಕ್ಕ ಯಾರ ಇಳದಾರ?”

ಅನುಮತಿ ಕೇಳಿ, ಬೂಟು ಕಳೆದು ಕುಳಿತಳು. ಎಳೆ ಹರಿದಿದೆ, ಎಳೆ ಹರಿದಿದೆ ಎಂದು ಹೇಳಿಕೊಂಡಳು. ಪಾದಗಳು ನಿಂತವು, ಚುಕ್ಕೆ ಜರುಗಿದಾಗ ಮಾತ್ರ ಒಂದು ಪಾದ ತುಸುವೇ ಒತ್ತಿತು. ಸಮಯ ಮುಗಿದಾಗ ಚುಕ್ಕೆ ನಡುವೆಯೇ ಇತ್ತು.

“ಸಂದರ್ಶನದ ಕೋಣೆಗೆ ಹೋಗಿ” ಎಂದರು ಪರೀಕ್ಷಕರು. ಎಲ್ಲಿ ಮಾತು ಬದಲಿಸುತ್ತಾರೋ ಎಂಬ ಭಯಕ್ಕೆ ಅವಳು ಬರಿಗಾಲಲ್ಲೇ ಓಡಿದಳು.

ಕುರ್ಚಿಯ ಬಳಿ ಬಿಟ್ಟುಹೋದದ್ದು: ಅವಳು ತನ್ನ ತಮ್ಮ ಪ್ರಭುವಿನಿಂದ ಎರವಲು ತಂದಿದ್ದ ಬೂಟು ಒಂದು ಜೊತೆ, ಬೆವರಿಗೆ ತೊಯ್ದ ಕರವಸ್ತ್ರ, ಬನಶಂಕರಿಯ ಕುಂಕುಮದ ಪೊಟ್ಟಣ, ಪೆಡಲುಗಳ ಮೇಲೆ ಎರಡು ಪಾದಗಳ ಒದ್ದೆ ಗುರುತು.